ಊಟಕ್ಕೆ ಬಾರದ ಹುಡುಗನನ್ನು ಕೇಳುವವರು ಯಾರು?



ಸೆಪ್ಟೆಂಬರ್ 10 ವಿಶ್ವ ಆತ್ಮಹತ್ಯೆ ತಡೆ ದಿನ. 2003ರಿಂದ ಪ್ರತಿವರ್ಷ ಈ ದಿನವನ್ನು ಆಚರಿಸುತ್ತಾ ಬಂದಿದ್ದಾರೆ. ಇಂಥ ದಿನ ಮಾತನಾಡುವವರು ಸಾಮಾನ್ಯವಾಗಿ ವಿದ್ಯಾರ್ಥಿಗಳಿಗೆ ಧೈರ್ಯ ಹೇಳುತ್ತಾರೆ, ಇಲ್ಲವೆ ತಂದೆತಾಯಿಗಳಿಗೆ ಬುದ್ಧಿ ಹೇಳುತ್ತಾರೆ. ನಾನು ಇವತ್ತು ಬೇರೆಯವರ ಬಗ್ಗೆ ಮಾತನಾಡುತ್ತೇನೆ. ಹಾಸ್ಟೆಲಿನ ವಾರ್ಡನ್, ಅಡುಗೆಯವರು, ಬಡಿಸುವವರು, ಕಸ ಗುಡಿಸುವವರು, ರಾತ್ರಿ ಕಾವಲುಗಾರರು, ಪಿಜಿ ನಡೆಸುವವರು, ಇವರೆಲ್ಲರ ಬಗ್ಗೆ. ಆತ್ಮಹತ್ಯೆ ತಡೆಯುವ ತರಬೇತಿ ಮೊದಲು ಸಿಗಬೇಕಾದದ್ದು ಇವರಿಗೆ. ಕೊನೆಗೆ ಸಿಗುವುದು, ಎಷ್ಟೋ ಕಡೆ ಸಿಗದೇ ಹೋಗುವುದು ಕೂಡ ಇವರಿಗೇ. ಇಂಥ ತರಬೇತಿ ಕೊಡುವ ಕೆಲಸದಲ್ಲಿ ನಾನೂ ಕೈಜೋಡಿಸಿದ್ದೇನೆ. ಅಲ್ಲಿ ಕಂಡದ್ದು, ಕಲಿತದ್ದು ಈ ಮಾತಿಗೆ ಆಧಾರ.

ಅಂಕಿ ಅಂಶವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ದಿನಕ್ಕೆ ಮೂವತ್ತೈದಕ್ಕೂ ಹೆಚ್ಚು. ಇವರೆಲ್ಲರೂ ಹಾಸ್ಟೆಲಿನಲ್ಲಿದ್ದವರಲ್ಲ, ಎಲ್ಲರಿಗೂ ಪರೀಕ್ಷೆಯೇ ಕಾರಣವೂ ಅಲ್ಲ. ಪ್ರೀತಿ, ಸಾಲ, ಮನೆಯ ಜಗಳ, ಜಾತಿಯ ಅವಮಾನ, ಖಿನ್ನತೆಯ ಕಾಯಿಲೆ ಹೀಗೆ ಹಲವು ಎಳೆಗಳು ಒಟ್ಟಿಗೆ ಬಿಗಿಯುತ್ತವೆ. ಒಂದೇ ಕಾರಣ ಹುಡುಕಲು ಹೊರಟವರಿಗೆ ಸಿಗುವುದು ಅರ್ಧ ಸತ್ಯ ಮಾತ್ರ.

ಆದರೂ ಹಾಸ್ಟೆಲಿಗೆ ಅದರದೇ ಆದ ಕಷ್ಟವಿದೆ. ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಶಾಲೆಗೇ ಮೊದಲಿಗನಾದ ಹುಡುಗ ಇಂಜಿನಿಯರಿಂಗ್ ಕಾಲೇಜಿಗೆ ಬರುತ್ತಾನೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಸೆಮಿಸ್ಟರಿನಲ್ಲೇ ಎರಡು ವಿಷಯ ಹೋಗುತ್ತವೆ. ಊರಿನಲ್ಲಿ ‘ನಮ್ಮ ಹುಡುಗ ಇಂಜಿನಿಯರ್ ಆಗ್ತಾನೆ’ ಎಂದು ಅಪ್ಪ ಹೇಳಿಕೊಂಡು ತಿರುಗುತ್ತಿದ್ದಾರೆ. ಮನೆಗೆ ಹೇಳುವ ಹಾಗಿಲ್ಲ, ಗೆಳೆಯರಿಗೆ ಹೇಳಿದರೆ ನಗುತ್ತಾರೆ. ಭಾನುವಾರ ಫೋನಿನಲ್ಲಿ ಅಮ್ಮ ‘ಊಟ ಆಯ್ತಾ?’ ಎಂದು ಕೇಳಿದರೆ ‘ಹೂಂ’ ಅನ್ನುತ್ತಾನೆ. ಊಟ ಆಗಿರುವುದಿಲ್ಲ. ಮನೆಯಲ್ಲಿದ್ದಿದ್ದರೆ ಆ ಸುಳ್ಳು ಒಂದು ಹೊತ್ತೂ ನಡೆಯುತ್ತಿರಲಿಲ್ಲ. ನೂರು ತಟ್ಟೆಗಳ ನಡುವೆ ಒಂದು ತಟ್ಟೆ ಇಲ್ಲದಿರುವುದು ಹಾಸ್ಟೆಲಿನಲ್ಲಿ ಯಾರ ಗಮನಕ್ಕೂ ಬರುವುದಿಲ್ಲ ಎಂದು ನಾವು ಅಂದುಕೊಂಡಿದ್ದೇವೆ.

ಬರುತ್ತದೆ. ಬಡಿಸುವವರ ಗಮನಕ್ಕೆ ಬಂದೇ ಬರುತ್ತದೆ. ಯಾರು ಅನ್ನ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ, ಯಾರಿಗೆ ಉಪ್ಪಿಟ್ಟು ಕಂಡರೆ ಆಗುವುದಿಲ್ಲ, ಯಾರು ಯಾರ ಪಕ್ಕ ಕೂರುತ್ತಿದ್ದವರು ಈಗ ಮೂಲೆಯಲ್ಲಿ ಒಬ್ಬರೇ ಕೂರುತ್ತಾರೆ, ಇವೆಲ್ಲ ಅಡುಗೆ ಸಹಾಯಕಿಗೆ ಗೊತ್ತು. ಯಾವ ರೂಮಿನ ದೀಪ ಬೆಳಗಿನ ಜಾವ ಮೂರು ಗಂಟೆಗೂ ಉರಿಯುತ್ತದೆ, ಯಾರು ಹೊತ್ತಲ್ಲದ ಹೊತ್ತಿನಲ್ಲಿ ಕಾರಿಡಾರಿನಲ್ಲಿ ಓಡಾಡುತ್ತಾರೆ ಎನ್ನುವುದು ಕಾವಲುಗಾರನಿಗೆ ಗೊತ್ತು. ಪ್ರಾಂಶುಪಾಲರಿಗೆ ಇವು ಗೊತ್ತಿರುವುದಿಲ್ಲ. ಕೌನ್ಸೆಲರ್ ಇದ್ದರೂ ಅವರ ಕೋಣೆಯ ಬಾಗಿಲಿಗೆ ಹುಡುಗ ತಾನಾಗಿ ಬಂದ ಮೇಲಷ್ಟೇ ತಿಳಿಯುವುದು.

ಹಿಂದೆ ನಮ್ಮಲ್ಲಿ ವಾರಾನ್ನದ ಪದ್ಧತಿ ಇತ್ತು. ಓದಲು ಪಟ್ಟಣಕ್ಕೆ ಬಂದ ಬಡ ಹುಡುಗ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಮಾಡುತ್ತಿದ್ದ. ಅದರಲ್ಲಿ ಅವಮಾನವೂ ಇತ್ತು, ಜಾತಿಯ ಗಡಿಯೂ ಇತ್ತು, ಆ ಕಾಲ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಹುಡುಗ ಮಂಗಳವಾರ ಬಾರದಿದ್ದರೆ ಮಂಗಳವಾರದ ಮನೆಯವರಿಗೆ ತಿಳಿಯುತ್ತಿತ್ತು, ‘ಯಾಕಪ್ಪಾ ಬರಲಿಲ್ಲ?’ ಎಂದು ಕೇಳುತ್ತಿದ್ದರು. ಇವತ್ತಿನ ಹಾಸ್ಟೆಲಿನಲ್ಲಿ ಬಯೋಮೆಟ್ರಿಕ್ ಹಾಜರಿ ಇದೆ, ಸಿಸಿ ಕ್ಯಾಮೆರಾ ಇದೆ. ಹುಡುಗ ಒಳಗೆ ಬಂದನೋ ಇಲ್ಲವೋ ಎಂಬುದು ಅವಕ್ಕೆ ಗೊತ್ತಾಗುತ್ತದೆ. ಯಾಕಪ್ಪಾ ಎಂದು ಕೇಳಲು ಮಾತ್ರ ಮನುಷ್ಯರೇ ಬೇಕು.

ರಾಜಸ್ಥಾನದ ಕೋಟಾ ನಗರಕ್ಕೆ ಇದು ಬಹಳ ನೋವಿನ ದಾರಿಯಲ್ಲಿ ಅರ್ಥವಾಯಿತು. ನೀಟ್, ಜೆಇಇ ಕೋಚಿಂಗಿಗೆ ದೇಶದ ಮೂಲೆಮೂಲೆಯಿಂದ ಮಕ್ಕಳು ಬಂದು ಸೇರುವ ಊರು ಅದು. 2023ರಲ್ಲಿ ಸಾಲುಸಾಲಾಗಿ ಸಾವುಗಳಾದಾಗ ಅಲ್ಲಿನ ಪೊಲೀಸರು ‘ದರ್ವಾಜೆ ಪೆ ದಸ್ತಕ್’, ಅಂದರೆ ಬಾಗಿಲು ತಟ್ಟುವ ಅಭಿಯಾನ ಶುರುಮಾಡಿದರು. ರಾತ್ರಿ ಹನ್ನೊಂದರ ಸುಮಾರಿಗೆ ವಾರ್ಡನ್ ಒಂದೊಂದು ಕೋಣೆಯ ಬಾಗಿಲು ತಟ್ಟಿ ಹೇಗಿದ್ದೀಯ ಎಂದು ವಿಚಾರಿಸಬೇಕು. ಮೆಸ್ಸಿನವರು, ಟಿಫಿನ್ ಡಬ್ಬಿ ತರುವವರು ಯಾರಾದರೂ ಮತ್ತೆ ಮತ್ತೆ ಊಟ ತಪ್ಪಿಸುತ್ತಿದ್ದರೆ, ಡಬ್ಬಿ ಹಾಗೇ ವಾಪಸು ಬರುತ್ತಿದ್ದರೆ ತಿಳಿಸಬೇಕು. ಹಾಸ್ಟೆಲ್ ಸಿಬ್ಬಂದಿಗೆ ತರಬೇತಿ ಕಡ್ಡಾಯವೆಂದು ಜಿಲ್ಲಾಡಳಿತವೂ ಹೇಳಿತು. ಇಷ್ಟೆಲ್ಲ ಆದ ಮೇಲೂ ಕೋಟಾದ ಸಂಕಟ ಮುಗಿದಿಲ್ಲ. ಆದರೆ ಡಬ್ಬಿ ತರುವ ಮನುಷ್ಯನನ್ನೂ ಈ ಕೆಲಸದೊಳಗೆ ಸೇರಿಸಿಕೊಳ್ಳಬೇಕೆಂಬ ತಿಳಿವಳಿಕೆ ಅಲ್ಲಿಂದ ನಾವು ಕಲಿಯಬೇಕಾದದ್ದು.

‘ಮನಸ್ಸಿನ ವಿಷಯ ಸೂಕ್ಷ್ಮ, ಅಡುಗೆಯವರಿಗೆ ಕಾವಲುಗಾರರಿಗೆ ಅದೆಲ್ಲ ಹೇಗೆ ಗೊತ್ತಾಗುತ್ತೆ?’ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಸಿಕ್ಕಿ ಬಹಳ ಕಾಲವಾಯಿತು. 1970ರ ದಶಕದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನ ವೈದ್ಯರು ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಒಂದು ಕೇಂದ್ರ ಮಾಡಿಕೊಂಡು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಯ ಗುರುತು ಹಿಡಿಯುವುದನ್ನು ಕಲಿಸಬಹುದು ಎಂದು ತೋರಿಸಿದರು. 1980ರ ದಶಕದಲ್ಲಿ ಅದೇ ಪ್ರಯೋಗ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ನಡೆಯಿತು. ಬಳ್ಳಾರಿಯ ಮಾದರಿಯ ಮೇಲೆಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಗುರುತು ಹಿಡಿಯುವುದಕ್ಕೆ ಡಿಗ್ರಿ ಬೇಕಿಲ್ಲ ಎನ್ನುವುದು ಬಳ್ಳಾರಿಯ ಪಾಠ. ಹಾವು ಕಚ್ಚಿದವನನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯುವವನು ತಾನೇ ವೈದ್ಯನಾಗಿರಬೇಕಿಲ್ಲವಲ್ಲ.

ಇಂಥ ತರಬೇತಿಗೆ ‘ಗೇಟ್‌ಕೀಪರ್ ತರಬೇತಿ’ ಎಂದು ಹೆಸರು. ಪ್ರಪಂಚದಲ್ಲಿ ಇದರ ಹಲವು ಮಾದರಿಗಳಿವೆ. ಹೆಸರಾದದ್ದೊಂದು, ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಕ್ವಿನೆಟ್ 1990ರ ದಶಕದಲ್ಲಿ ರೂಪಿಸಿದ ‘ಕ್ಯೂಪಿಆರ್’. ಅದರಲ್ಲಿರುವುದು ಮೂರೇ ಮೆಟ್ಟಿಲು. ನೇರವಾಗಿ ಕೇಳು, ಸಹಾಯ ಪಡೆಯಲು ಒಪ್ಪಿಸು, ತಿಳಿದವರಿಗೆ ಒಪ್ಪಿಸು. ಕೇಳಿದರೆ ಸುಲಭ. ಮಾಡಿಸಲು ಕೂತಾಗ ಮೊದಲ ಮೆಟ್ಟಿಲಿನಲ್ಲೇ ಎಲ್ಲರ ಕಾಲು ತಡೆಯುತ್ತದೆ.

ಗುರುತುಗಳಿಂದ ಶುರುಮಾಡೋಣ. ಊಟ, ನಿದ್ದೆ ಕೆಡುವುದು. ಸ್ನಾನ, ಬಟ್ಟೆಯ ಕಡೆ ಗಮನ ಇಲ್ಲವಾಗುವುದು. ಗೆಳೆಯರ ಗುಂಪಿನಿಂದ ದೂರ ಸರಿಯುವುದು. ಕುಡಿತ ಹೆಚ್ಚುವುದು. ಆಸೆಪಟ್ಟು ಕೊಂಡ ವಸ್ತುಗಳನ್ನು ‘ನೀನೇ ಇಟ್ಕೋ’ ಎಂದು ಹಂಚಿಬಿಡುವುದು. ‘ಇನ್ಮೇಲೆ ನಿಮಗೆಲ್ಲ ನನ್ನ ಕಾಟ ಇರಲ್ಲ’ ಎಂಬಂಥ ಮಾತು, ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ವಿದಾಯದ ಧಾಟಿ. ತುಂಬ ದಿನ ಕಂಗೆಟ್ಟಿದ್ದವರು ಇದ್ದಕ್ಕಿದ್ದಂತೆ ನಿರಾಳವಾಗಿ ಕಾಣುವುದನ್ನೂ ಹಗುರವಾಗಿ ನೋಡಬಾರದು. ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಏನೋ ಆಗಿಯೇಬಿಡುತ್ತದೆ ಎಂದಲ್ಲ. ಇದ್ದ ಹಾಗೆ ಇಲ್ಲ ಅನ್ನಿಸಿದರೆ ಕೇಳಬೇಕು, ಅಷ್ಟೆ. ಫಲಿತಾಂಶ ಬಂದ ವಾರ, ಸೇರಿದ ಹೊಸತರಲ್ಲಿ, ರಜೆ ಮುಗಿಸಿ ಬಂದ ದಿನಗಳಲ್ಲಿ, ಶುಲ್ಕ ಕಟ್ಟುವ ಗಡುವಿನ ಹೊತ್ತಿಗೆ ಕಣ್ಣು ಇನ್ನಷ್ಟು ತೆರೆದಿರಬೇಕು.

ಕೇಳುವುದು ಹೇಗೆ? ತರಬೇತಿಯಲ್ಲಿ ಇದನ್ನು ಭಾಷಣ ಮಾಡಿ ಕಲಿಸುವುದಿಲ್ಲ, ಆಡಿಸಿ ಕಲಿಸುತ್ತೇವೆ. ಒಬ್ಬರು ವಿದ್ಯಾರ್ಥಿಯಾಗಬೇಕು, ಇನ್ನೊಬ್ಬರು ತಾವೇ ಆಗಿರಬೇಕು. ಹೀಗೊಂದು ಸಲ ವಯಸ್ಸಾದ ಕಾವಲುಗಾರರು ವಿದ್ಯಾರ್ಥಿಯಾಗಿ ಕೂತರು, ಅಡುಗೆ ಸಹಾಯಕಿಯೊಬ್ಬರು ಮಾತಿಗೆ ಶುರುಮಾಡಿದರು.

“ಯಾಕೋ ಮಗಾ, ಎರಡು ದಿನದಿಂದ ರಾತ್ರಿ ಊಟಕ್ಕೇ ಕಾಣ್ತಿಲ್ಲ?”

“ಹಸಿವಿಲ್ಲ ಅಕ್ಕ.”

“ಮೈ ಹುಷಾರಿಲ್ವಾ?”

“ಹಂಗೇನಿಲ್ಲ. ಸುಮ್ನೆ.”

“ಸುಮ್ನೆ ಅಂದ್ರೆ ನಾನು ನಂಬಲ್ಲ. ಚಪಾತಿ ಮಾಡಿದ ದಿನ ಮೂರು ಸಲ ಬರೋನು ನೀನು. ಬಾ, ಇಲ್ಲಿ ಕೂತ್ಕೋ. ಏನೂ ತಿನ್ಬೇಡ, ಕೂತ್ಕೋ ಸಾಕು.”

ಇಲ್ಲಿಯವರೆಗೆ ಯಾವ ತರಬೇತುದಾರನೂ ಇದಕ್ಕಿಂತ ಚೆನ್ನಾಗಿ ಮಾಡಲಾರ. ಆಮೇಲೆ ಆ ಹಿರಿಯರು ತಲೆ ತಗ್ಗಿಸಿ, “ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ ಅಕ್ಕ” ಅಂದರು. ಆಕೆ ತಟಕ್ಕನೆ, “ಥೂ, ಬಿಡ್ತು ಅನ್ನು! ಹಂಗೆಲ್ಲಾ ಮಾತಾಡ್ಬಾರ್ದು. ಅಪ್ಪ ಅಮ್ಮನ ಮುಖ ನೆನೆಸ್ಕೋ” ಅಂದುಬಿಟ್ಟರು. ಹಿರಿಯರು “ಸರಿ ಅಕ್ಕ” ಎಂದು ಎದ್ದರು. ಆಟ ಮುಗಿಯಿತು.

ಆಟ ಮುಗಿದ ಮೇಲೆ ಕಾವಲುಗಾರರನ್ನು ಕೇಳಿದೆವು, ನಿಮಗೇನನ್ನಿಸಿತು ಎಂದು. “ಅಲ್ಲೀತನಕ ಎಲ್ಲಾ ಹೇಳ್ಬಿಡಣ ಅನ್ನಿಸ್ತಿತ್ತು ಸರ್. ಬಿಡ್ತು ಅನ್ನು ಅಂದ ತಕ್ಷಣ ಇವರಿಗೆ ಹೇಳಬಾರ್ದು ಅನ್ನಿಸ್ತು. ಅಪ್ಪ ಅಮ್ಮ ಅಂದಾಗ ಇನ್ನೂ ಕೆಟ್ಟದಾಯ್ತು” ಅಂದರು. ಆಕೆ ಕೆಟ್ಟವರಲ್ಲ. ಅಕ್ಕರೆಯಿಂದಲೇ ಅಂದದ್ದು. ನಮ್ಮ ಮನೆಗಳಲ್ಲಿ ಸಾವಿನ ಮಾತು ಬಂದಾಗ ನಾವೆಲ್ಲ ಮಾಡುವುದೇ ಅದು. ಅಶುಭವನ್ನು ದೂರ ತಳ್ಳುವ ಭರದಲ್ಲಿ ಹೇಳಲು ಬಂದವನನ್ನೂ ತಳ್ಳಿಬಿಡುತ್ತೇವೆ. ‘ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋತಾರಾ’, ‘ನಮ್ಮ ಕಾಲದಲ್ಲಿ ನಾವೆಷ್ಟು ಕಷ್ಟಪಟ್ಟಿಲ್ಲ’, ‘ದೇವರ ಮೇಲೆ ಭಾರ ಹಾಕು’ ಎನ್ನುವ ಮಾತುಗಳೂ ಅದೇ ಕೆಲಸ ಮಾಡುತ್ತವೆ.

ಎರಡನೇ ಸಲ ಆಡಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಯ್ಬೇಕು ಅಂತ ಏನಾದ್ರೂ ಅನ್ನಿಸ್ತಿದೆಯಾ ಮಗಾ?” ಎಂದು ಕೇಳಿದರು. ಆ ಮಾತು ಬಾಯಿಂದ ಹೊರಡಿಸಲು ಆಕೆ ಪಟ್ಟ ಪಾಡು ಅಲ್ಲಿದ್ದವರಿಗೆಲ್ಲ ಕಂಡಿತು. ಕೋಣೆಯಲ್ಲಿ ಯಾರೂ ನಗಲಿಲ್ಲ.

ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಆಗುವುದಿಲ್ಲವೆ? ಪ್ರತಿ ತರಬೇತಿಯಲ್ಲೂ ಈ ಪ್ರಶ್ನೆ ಬರುತ್ತದೆ. ಆಗುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಕೇಳಿಸಿಕೊಂಡ ಮಕ್ಕಳಲ್ಲಿ ಅಂಥ ಯೋಚನೆಯಾಗಲಿ ಕಳವಳವಾಗಲಿ ಹೆಚ್ಚಲಿಲ್ಲ. ಮೊದಲೇ ಖಿನ್ನತೆಯಲ್ಲಿದ್ದ, ಹಿಂದೆ ಪ್ರಯತ್ನಿಸಿದ್ದ ಮಕ್ಕಳಿಗೂ ಅದರಿಂದ ಕೇಡಾಗಲಿಲ್ಲ. ಒಳಗೇ ಇಟ್ಟುಕೊಂಡು ಬೇಯುತ್ತಿದ್ದವರಿಗೆ, ಸದ್ಯ, ಒಬ್ಬರಾದರೂ ಕೇಳಿದರಲ್ಲ ಎಂಬ ಸಮಾಧಾನವೇ ಹೆಚ್ಚು.

‘ಹೌದು’ ಎಂಬ ಉತ್ತರ ಬಂದರೆ? ಗಾಬರಿ ಬೀಳಬೇಡಿ, ಬೈಯಬೇಡಿ, ವಾದ ಮಾಡಬೇಡಿ. ಕೇಳಿಸಿಕೊಳ್ಳಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ. ಅಪಾಯ ತರಬಲ್ಲ ವಸ್ತುಗಳು ಕೈಗೆಟುಕದಂತೆ ನೋಡಿಕೊಳ್ಳಿ, ತಾರಸಿಯ ಬಾಗಿಲಿಗೆ ಬೀಗವಿರಲಿ. ಆ ಗಳಿಗೆಯ ಉತ್ಕಟತೆ ಎಷ್ಟೋ ಸಲ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ಜೊತೆಗೊಬ್ಬರು ಇದ್ದರೆ ಒಂದು ಜೀವ ಉಳಿದೀತು. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. “ಎಲ್ಲರಿಗೂ ಹೇಳಿಕೊಂಡು ತಿರುಗಲ್ಲ. ಸಹಾಯ ಮಾಡೋರಿಗೆ ಹೇಳೇ ಹೇಳ್ತೀನಿ, ನಿನ್ನ ಜೊತೆಗೇ ಬರ್ತೀನಿ” ಅನ್ನಿ. ಆಮೇಲೆ ವಾರ್ಡನ್, ಕೌನ್ಸೆಲರ್, ಜಿಲ್ಲಾಸ್ಪತ್ರೆಯ ಮನೋವೈದ್ಯರು, ಹೀಗೆ ಮುಂದಿನವರ ಕೈಗೆ ಒಪ್ಪಿಸಿ. ಒಪ್ಪಿಸಿದ ಮೇಲೂ ಮರುದಿನ ಊಟದ ಹೊತ್ತಿಗೆ ಒಮ್ಮೆ ಮಾತನಾಡಿಸಿ.

ನಡುರಾತ್ರಿಯಲ್ಲಿ ಯಾರೂ ಸಿಗದಿದ್ದರೆ ಟೆಲಿ ಮಾನಸ್ ಇದೆ. ಸಂಖ್ಯೆ 14416. ಇನ್ನೊಮ್ಮೆ ಹೇಳುತ್ತೇನೆ, ಒಂದು ನಾಲ್ಕು ನಾಲ್ಕು ಒಂದು ಆರು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ. ವಿದ್ಯಾರ್ಥಿಯೇ ಮಾಡಬೇಕೆಂದಿಲ್ಲ. ಅವನ ಬಗ್ಗೆ ದಿಗಿಲುಬಿದ್ದ ಕಾವಲುಗಾರನೂ ಕರೆಮಾಡಿ ಏನು ಮಾಡಲಿ ಎಂದು ಕೇಳಬಹುದು. ಜೀವಕ್ಕೆ ಆಗಲೇ ಅಪಾಯವಾಗಿದ್ದರೆ 112ಕ್ಕೆ ಕರೆಮಾಡಿ. ಈಗ ಈ ಮಾತು ಕೇಳುತ್ತಿರುವವರಲ್ಲಿ ಯಾರಿಗಾದರೂ ಇಂಥ ಯೋಚನೆ ಕಾಡುತ್ತಿದ್ದರೆ, ಈ ಸಂಖ್ಯೆ ನಿಮಗೂ ಹೌದು. ನಂಬುವ ಒಬ್ಬರಿಗೆ ಇವತ್ತೇ ಹೇಳಿ.

ಸಿಬ್ಬಂದಿಗೆ ಇನ್ನೊಂದು ಭಯವಿದೆ: ಪೊಲೀಸ್ ಕೇಸು. ‘ಹೇಳಿದರೆ ಹುಡುಗನ ಮೇಲೆ ಕೇಸಾಗುತ್ತೆ, ನಮ್ಮನ್ನೂ ಸ್ಟೇಷನ್ನಿಗೆ ಎಳೀತಾರೆ’ ಎಂದು ಎಷ್ಟೋ ಸಂಗತಿಗಳು ಮುಚ್ಚಿಹೋಗುತ್ತವೆ. ಕಾನೂನು ಈಗ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ, ಹಾಗಲ್ಲವೆಂದು ಸಾಬೀತಾಗದ ಹೊರತು, ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ ಒದಗಿಸುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮನ್ನು ಉಳಿಸಿಕೊಂಡಿಲ್ಲ. ಸಹಾಯಕ್ಕೆ ಓಡಿಬಂದವರು ಹೆದರಬೇಕಾದ ಕಾಲವಲ್ಲ ಇದು.

ಇಷ್ಟು ಹೇಳಿದ ಮೇಲೆ ತರಬೇತಿಯ ಮಿತಿಯನ್ನೂ ಹೇಳಬೇಕು. ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ದೊಡ್ಡ ಅಧ್ಯಯನವೊಂದು 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಶಿಕ್ಷಕರಿಗೆ ಮತ್ತು ಇತರ ಸಿಬ್ಬಂದಿಗೆ ಮಾತ್ರ ತರಬೇತಿ ಕೊಟ್ಟ ಶಾಲೆಗಳಲ್ಲಿ ಆತ್ಮಹತ್ಯೆಯ ಪ್ರಯತ್ನಗಳು ಗಮನಾರ್ಹವಾಗಿ ಇಳಿಯಲಿಲ್ಲ. ಮಕ್ಕಳೊಂದಿಗೇ ಮನಸ್ಸಿನ ಆರೋಗ್ಯದ ಬಗ್ಗೆ ಮಾತಾಡಿ, ಅವರಿಂದಲೇ ಪಾತ್ರ ಮಾಡಿಸಿ ಕಲಿಸಿದ ಶಾಲೆಗಳಲ್ಲಿ ಇಳಿದವು. ದೊಡ್ಡವರಿಗೆ ಒಂದು ದಿನದ ಶಿಬಿರ ಮಾಡಿ, ಗ್ರೂಪ್ ಫೋಟೊ ತೆಗೆಸಿ, ಪ್ರಮಾಣಪತ್ರ ಹಂಚಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಇದನ್ನು ನೆನಪಿಡಬೇಕು. ಸಿಬ್ಬಂದಿಯ ಜೊತೆಗೆ ರೂಮ್‌ಮೇಟುಗಳಿಗೂ ಕಲಿಸಬೇಕು. ಹುಡುಗ ಮೊದಲು ಬಾಯಿಬಿಡುವುದು ಪಕ್ಕದ ಮಂಚದವನ ಹತ್ತಿರವೇ.

ಇನ್ನೂ ಮುಖ್ಯವಾದದ್ದು, ಹೇಳಿದ ಮಾತಿಗೆ ಮುಂದೇನಾಗುತ್ತದೆ ಎನ್ನುವುದು. ಅಡುಗೆ ಸಹಾಯಕಿ ಧೈರ್ಯಮಾಡಿ ವಾರ್ಡನ್‌ಗೆ ಹೇಳುತ್ತಾರೆ ಅಂದುಕೊಳ್ಳಿ. ‘ನಿನಗ್ಯಾಕಮ್ಮ ಅದೆಲ್ಲ, ಸಾಂಬಾರ್ ನೋಡ್ಕೋ ಹೋಗು’ ಅಂದರೆ ಆಕೆ ಇನ್ನೊಮ್ಮೆ ಹೇಳುವುದಿಲ್ಲ. ವಾರ್ಡನ್ ಮೇಲಿನವರಿಗೆ ತಿಳಿಸುತ್ತಾರೆ ಅನ್ನಿ. ‘ನಮ್ಮಲ್ಲಿ ಏನಾದರೂ ಆದರೆ ಹೆಸರು ಕೆಡುತ್ತೆ’ ಎಂದು ಆಡಳಿತದವರು ಅವತ್ತೇ ಸಂಜೆ ಹುಡುಗನ ಟ್ರಂಕು ಹೊರಗಿಟ್ಟು ಊರಿನ ಬಸ್ಸು ಹತ್ತಿಸಿದರೆ, ಆ ಹಾಸ್ಟೆಲಿನಲ್ಲಿ ಮುಂದೆ ಯಾವ ವಿದ್ಯಾರ್ಥಿಯೂ ಬಾಯಿಬಿಡುವುದಿಲ್ಲ. ತರಬೇತಿ ಪಡೆದವರ ಕಿವಿ ಎಷ್ಟೇ ಚುರುಕಾದರೂ ಕೇಳಿಸಿಕೊಳ್ಳಲು ಏನೂ ಇರುವುದಿಲ್ಲ. ಚಿಕಿತ್ಸೆಗೆ ಹೋಗಿಬಂದವನಿಗೆ ಅವನ ಮಂಚ, ಅವನ ಸೀಟು ಹಾಗೇ ಇರಬೇಕು. ಇದು ಬರೆದಿಟ್ಟ ನಿಯಮವಾಗಬೇಕು.

ಸಿಬ್ಬಂದಿಯ ಬದುಕನ್ನೂ ನೋಡಬೇಕು. ನಮ್ಮ ಸರ್ಕಾರಿ ವಿದ್ಯಾರ್ಥಿನಿಲಯಗಳಲ್ಲಿ ಅಡುಗೆಯವರು, ಕಾವಲುಗಾರರು ಬಹಳಷ್ಟು ಮಂದಿ ಹೊರಗುತ್ತಿಗೆಯವರು. ಸಂಬಳ ತಡವಾದರೆ ಕೇಳುವವರಿಲ್ಲ, ಏಜೆನ್ಸಿ ಬದಲಾದರೆ ಕೆಲಸವೇ ಇರುತ್ತದೋ ಇಲ್ಲವೋ ಎಂಬ ಆತಂಕ. ಇಂಥವರ ಹೆಗಲಿಗೆ ಇನ್ನೊಂದು ಹೊರೆ ಹಾಕಿ, ಏನಾದರೂ ಆದಾಗ ‘ನೀನ್ಯಾಕೆ ನೋಡಲಿಲ್ಲ’ ಎಂದು ಅವರನ್ನೇ ಹೊಣೆಮಾಡುವುದು ಅನ್ಯಾಯ. ಎಲ್ಲ ಎಚ್ಚರ ವಹಿಸಿದರೂ ಕೆಲವೊಮ್ಮೆ ಸಾವು ನಡೆದುಹೋಗುತ್ತದೆ. ಆಗ ಆ ಮಹಡಿಯ ವಿದ್ಯಾರ್ಥಿಗಳಿಗೆ, ರೂಮ್‌ಮೇಟಿಗೆ, ಬಾಗಿಲು ತೆರೆದ ಕಾವಲುಗಾರನಿಗೆ ಸಮಾಧಾನ ಹೇಳುವವರು ಬೇಕು. ಅವನ ನಿದ್ದೆಯೂ ಕೆಟ್ಟಿರುತ್ತದೆ.

ಇಂಥ ತರಬೇತಿಗೆ ಕಾನೂನಿನ ಬೆಂಬಲ ಈಗ ಸಿಕ್ಕಿದೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ತೀರ್ಪು ಕೊಡುತ್ತಾ ಹದಿನೈದು ಮಾರ್ಗಸೂಚಿಗಳನ್ನು ನೀಡಿತು. ಶಾಲೆ, ಕಾಲೇಜು, ಕೋಚಿಂಗ್ ಕೇಂದ್ರ, ಹಾಸ್ಟೆಲ್ ಎಲ್ಲಕ್ಕೂ ಅವು ಅನ್ವಯ. ಬೋಧಕರಷ್ಟೇ ಅಲ್ಲ, ಬೋಧಕೇತರ ಸಿಬ್ಬಂದಿಗೂ ವರ್ಷಕ್ಕೆ ಕನಿಷ್ಠ ಎರಡು ಸಲ ತರಬೇತಿ ಕಡ್ಡಾಯ. ಅಪಾಯದ ಗುರುತು ಹಿಡಿಯುವುದು, ಮಾನಸಿಕ ಪ್ರಥಮ ಚಿಕಿತ್ಸೆ, ಮುಂದಿನವರಿಗೆ ಒಪ್ಪಿಸುವ ಕ್ರಮ ಇವೆಲ್ಲ ಅದರಲ್ಲಿರಬೇಕು. ಟೆಲಿ ಮಾನಸ್ ಸಂಖ್ಯೆಯನ್ನು ಹಾಸ್ಟೆಲಿನಲ್ಲಿ ಎಲ್ಲರಿಗೂ ಕಾಣುವಂತೆ ದೊಡ್ಡದಾಗಿ ಹಾಕಬೇಕು. ಬೋಧಕೇತರ ಸಿಬ್ಬಂದಿ ಎಂಬುದು ಆಫೀಸಿನ ಗುಮಾಸ್ತರಿಗೇ ನಿಲ್ಲಬಾರದು, ಅಡುಗೆಮನೆಗೂ ಗೇಟಿಗೂ ತಲುಪಬೇಕು.

ಆದ್ದರಿಂದ ಹಾಸ್ಟೆಲ್, ಪಿಜಿ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ತರಬೇತಿಗೆ ಹೆಸರು ಬರೆಯುವಾಗ ಪಟ್ಟಿಯನ್ನು ಕೆಳಗಿನಿಂದ ಬರೆಯಿರಿ. ಮೊದಲು ರಾತ್ರಿ ಕಾವಲುಗಾರ, ಆಮೇಲೆ ಬಡಿಸುವವರು, ಅಡುಗೆಯವರು, ಕೊನೆಗೆ ವಾರ್ಡನ್. ತರಬೇತಿಯ ದಿನದ ಕೂಲಿ ಹಿಡಿಯಬೇಡಿ. ಅವರು ಹೇಳುವುದನ್ನು ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕೇಳಿಸಿಕೊಳ್ಳುವ ಒಬ್ಬರ ಹೆಸರನ್ನೂ ಫೋನ್ ನಂಬರನ್ನೂ ಅಡುಗೆಮನೆಯ ಗೋಡೆಯ ಮೇಲೆ ಬರೆಸಿ. ಮಕ್ಕಳನ್ನು ಬಿಡಲು ಬರುವ ತಂದೆತಾಯಿಗಳೇ, ನೀವು ಫೀಸು ಎಷ್ಟು, ಬಿಸಿ ನೀರು ಬರುತ್ತದೆಯೇ, ವೈಫೈ ಇದೆಯೇ ಎಂದು ಕೇಳುತ್ತೀರಿ. ಜೊತೆಗೆ ಇದನ್ನೂ ಕೇಳಿ: ಇಲ್ಲಿ ಕೆಲಸ ಮಾಡುವವರಿಗೆ ಈ ತರಬೇತಿ ಆಗಿದೆಯೇ? ನಾಲ್ಕು ಜನ ಪೋಷಕರು ಕೇಳಲು ಶುರುಮಾಡಿದರೆ ಕೋರ್ಟಿನ ಆದೇಶ ಬೇಗ ಜಾರಿಗೆ ಬರುತ್ತದೆ.